ಪ್ರಾಚೀನ ಈಜಿಪ್ಟ್ ಭಾಷೆಯ ನಿಘಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಈಜಿಪ್ಟಿನ ಮಾತು ಬಂದರೆ ಪಿರಮಿಡ್ಡು, ಮಮ್ಮಿ, ಶಾಪ ಇವುಗಳ ಸುತ್ತಲೇ ಪ್ರಶ್ನೆಗಳು ಗಿರಕಿ ಹೊಡೆಯುವುದು ರೂಢಿ. ಆದರೂ ಉಪನ್ಯಾಸ ಮುಗಿದ ಮೇಲೆ, ಪತ್ರಗಳಲ್ಲಿ, ಒಮ್ಮೊಮ್ಮೆ ಮದುವೆ ಊಟದ ಪಂಕ್ತಿಯಲ್ಲಿಯೂ ನಿಘಂಟಿನ ಬಗ್ಗೆ ಕೇಳುವವರಿದ್ದಾರೆ. ಅವರು ಕೇಳಿದ ಮಾತಿನಲ್ಲಿಯೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಶಾಪದ ಬಗ್ಗೆ ಇಲ್ಲಿ ಏನೂ ಇಲ್ಲ.

## ಮೊದಲ ಪ್ರಶ್ನೆಗಳು

ಆ ಭಾಷೆ ಆಡುವವರೇ ಇಲ್ಲ. ಹಾಗಿದ್ದ ಮೇಲೆ ಅರ್ಥವನ್ನು ಯಾರನ್ನು ಕೇಳಿ ಬರೆಯುತ್ತಾರೆ?

ಬರಹಗಳನ್ನೇ ಕೇಳಬೇಕು. ಕಿಟೆಲ್ ಕನ್ನಡ ನಿಘಂಟು ಮಾಡುವಾಗ ಪದವೊಂದು ಅನುಮಾನ ಹುಟ್ಟಿಸಿದರೆ ಬಲ್ಲವರನ್ನು ಕೇಳಬಹುದಿತ್ತು. ಈಜಿಪ್ಟ್ ಭಾಷೆಯ ನಿಘಂಟುಕಾರನಿಗೆ ಆ ಅನುಕೂಲವಿಲ್ಲ. ಚಿತ್ರಲಿಪಿಯಲ್ಲಿ ದಿನಾಂಕ ಸಹಿತ ಕೆತ್ತಿದ, ನಮಗೆ ತಿಳಿದಿರುವ ಕೊನೆಯ ಶಾಸನ ಫಿಲೇ ದ್ವೀಪದ ದೇವಾಲಯದಲ್ಲಿದೆ. ಅದರ ದಿನ ಕ್ರಿ.ಶ. 394ರ ಆಗಸ್ಟ್ 24.

ಆದ್ದರಿಂದ ಒಂದು ಪದ ಬರುವ ಜಾಗಗಳನ್ನೆಲ್ಲ ಕಲೆಹಾಕಿ, ಎಲ್ಲ ಕಡೆಗೂ ಹೊಂದುವ ಅರ್ಥ ಯಾವುದು ಎಂದು ನೋಡುತ್ತಾರೆ. ಸಮಾಧಿಗಳ ಗೋಡೆಚಿತ್ರಗಳು ದೊಡ್ಡ ಆಸರೆ. ಬೆನಿ ಹಸನ್‌ನಲ್ಲಿ ಮೂರನೆಯ ಬಾಕೆತ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಸಾಲಾಗಿ ಹಕ್ಕಿಗಳನ್ನು ಬರೆದು ಪಕ್ಕದಲ್ಲಿಯೇ ಹೆಸರು ಕೊಟ್ಟಿದ್ದಾರೆ. ನಿಘಂಟುಕಾರನ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಸಕ್ಕಾರಾದಲ್ಲಿರುವ ತಿ ಎಂಬ ಅಧಿಕಾರಿಯ ಸಮಾಧಿಯಲ್ಲಿ ಕೊಯ್ಲು, ಮೀನುಗಾರಿಕೆ, ದೋಣಿ ಕಟ್ಟುವ ದೃಶ್ಯಗಳ ಮೇಲೆ ಕೆಲಸದ ಹೆಸರೂ ಕೆಲಸಗಾರರ ಮಾತೂ ಕೆತ್ತಿವೆ. ಇವುಗಳ ಜೊತೆಗೆ ಆ ಭಾಷೆಯ ಕೊನೆಯ ಕುಡಿಯಾದ ಕಾಪ್ಟಿಕ್ ಇದೆ, ಗ್ರೀಕ್ ಅನುವಾದಗಳಿವೆ, ದೂರದ ನಂಟಿನ ಹೀಬ್ರೂ, ಅರಬ್ಬಿ, ಅಕ್ಕಾಡಿಯನ್ ಇವೆ.

ಚಿತ್ರ ನೋಡಿದರೆ ಅರ್ಥ ಗೊತ್ತಾಗುವುದಿಲ್ಲವೇ? ಗೂಬೆ ಬರೆದಿದ್ದರೆ ಗೂಬೆ ತಾನೇ?

ಅಲ್ಲ. ಗೂಬೆಯ ಚಿತ್ರ ‘ಮ್’ ಎಂಬ ಧ್ವನಿ. ಅದು ನಿಜಕ್ಕೂ ಹಕ್ಕಿಯನ್ನು ಸೂಚಿಸುವ ಸಂದರ್ಭ ತೀರ ಅಪರೂಪ. ಚಿಹ್ನೆಗಳಲ್ಲಿ ಕೆಲವು ಧ್ವನಿಗೆ, ಕೆಲವು ಇಡೀ ಪದಕ್ಕೆ, ಇನ್ನು ಕೆಲವು ಉಚ್ಚಾರವೇ ಇಲ್ಲದೆ ಪದದ ಕೊನೆಯಲ್ಲಿ ನಿಂತು ಅದು ಯಾವ ಬಗೆಯದೆಂದು ಹೇಳುವುದಕ್ಕೆ. ಈ ಮೂರನೆಯ ಬಗೆಯನ್ನು ನಿರ್ಣಾಯಕ ಚಿಹ್ನೆ ಎನ್ನುತ್ತಾರೆ.

ಈ ಲಿಪಿಯಲ್ಲಿ ಸ್ವರಗಳನ್ನು ಬರೆಯುವುದಿಲ್ಲ. ‘ಮ್’ ಮತ್ತು ‘ರ್’ ಎರಡೇ ವ್ಯಂಜನಗಳಿರುವ ಬರಹವನ್ನು ತೆಗೆದುಕೊಳ್ಳಿ. ಕೊನೆಯಲ್ಲಿ ಪಿರಮಿಡ್ಡಿನ ಚಿತ್ರವಿದ್ದರೆ ಪಿರಮಿಡ್ಡು. ಗುಬ್ಬಿಯಂಥ ಪುಟ್ಟ ಹಕ್ಕಿಯಿದ್ದರೆ ಕಾಯಿಲೆ, ಏಕೆಂದರೆ ಆ ಹಕ್ಕಿ ಕೆಟ್ಟದ್ದರ, ಸಣ್ಣದರ ಗುರುತು. ಬಾಯಿಗೆ ಕೈ ಹಿಡಿದು ಕುಳಿತ ಮನುಷ್ಯನಿದ್ದರೆ ಪ್ರೀತಿಸು. ನೀರಿನ ಕಾಲುವೆಯ ಚಿತ್ರವಿದ್ದರೆ ಕಾಲುವೆ. ‘ಪ್ರೀತಿಸು’ ಕ್ರಿಯಾಪದಕ್ಕೆ ಮೂರನೆಯ ದುರ್ಬಲ ವ್ಯಂಜನವೊಂದಿದೆ. ಬರಹದಲ್ಲಿ ಅದು ಬಹುತೇಕ ಕಾಣಿಸುವುದಿಲ್ಲ. ನಿಘಂಟಿನಲ್ಲಿ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರೊಸೆಟ್ಟಾ ಕಲ್ಲು ಸಿಕ್ಕಿದ ಮೇಲೆ ಎಲ್ಲ ಪದಗಳೂ ತಿಳಿದುಬಿಟ್ಟವಲ್ಲವೇ?

ಲಿಪಿಯ ಬೀಗ ತೆರೆಯಿತು, ಅಷ್ಟೇ. 1799ರಲ್ಲಿ ಸಿಕ್ಕ ಆ ಕಲ್ಲಿನಲ್ಲಿರುವುದು ಕ್ರಿ.ಪೂ. 196ರ ಒಂದು ಆಜ್ಞೆ, ಈಜಿಪ್ಟ್ ಭಾಷೆಯಲ್ಲಿಯೂ ಗ್ರೀಕ್ ಭಾಷೆಯಲ್ಲಿಯೂ. ಚಿತ್ರಲಿಪಿಯ ಭಾಗವೇ ಹೆಚ್ಚು ಒಡೆದಿದ್ದು, 14 ಸಾಲುಗಳಷ್ಟೇ ಉಳಿದಿವೆ, ಅವೂ ಪೂರ್ತಿಯಾಗಿಲ್ಲ. ಫ್ರಾನ್ಸಿನ ವಿದ್ವಾಂಸ ಷಾಂಪೋಲಿಯೋನ್ 1822ರಲ್ಲಿ ಬರಹದ ರೀತಿಯನ್ನು ಕಂಡುಕೊಂಡರು. ಅವರು ಸಿದ್ಧಪಡಿಸಿದ್ದ ನಿಘಂಟು ಅಚ್ಚಾಗುವಷ್ಟರಲ್ಲಿ ಅವರೇ ಇರಲಿಲ್ಲ. 1841ರಲ್ಲಿ ಅದು ಹೊರಬರತೊಡಗಿತು. 1866ರಲ್ಲಿ ತಾನಿಸ್‌ನಲ್ಲಿ ಲೆಪ್ಸಿಯುಸ್ ಮತ್ತು ಸಂಗಡಿಗರಿಗೆ ಇನ್ನೊಂದು ದ್ವಿಭಾಷಾ ಶಾಸನ, ಕ್ರಿ.ಪೂ. 238ರ ಕನೋಪಸ್ ಆಜ್ಞೆ, ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿತು. ಷಾಂಪೋಲಿಯೋನ್ ಹಿಡಿದ ದಾರಿ ಸರಿ ಎಂದು ಖಚಿತವಾದದ್ದು ಅದರಿಂದ. ಆದರೆ ರಾಜಾಜ್ಞೆಗಳಲ್ಲಿ ಬರುವ ಪದಗಳು ಎಷ್ಟು? ಬ್ರೆಡ್ಡಿನ ಬಗೆಗಳು, ಹೊಟ್ಟೆನೋವಿನ ಹೆಸರುಗಳು, ಬೈಗುಳಗಳು ಅಲ್ಲಿ ಇರುವುದಿಲ್ಲ.

ಈಜಿಪ್ಟಿನವರು ತಮ್ಮ ಭಾಷೆಗೆ ತಾವೇ ನಿಘಂಟು ಮಾಡಿಕೊಂಡಿರಲಿಲ್ಲವೇ?

ಪಟ್ಟಿಗಳನ್ನು ಮಾಡಿದ್ದರು. ಅಮೆನೆಮೋಪೆ ಎಂಬ ಲಿಪಿಕಾರನ ಹೆಸರಿನ ಪದಪಟ್ಟಿಯಲ್ಲಿ 600ಕ್ಕೂ ಹೆಚ್ಚು ಪದಗಳಿವೆ: ಆಕಾಶ, ನೀರು, ಭೂಮಿಯಿಂದ ಆರಂಭಿಸಿ ಅಧಿಕಾರಿಗಳು, ಕಸುಬುಗಳು, ಊರುಗಳು, ಧಾನ್ಯಗಳು, ಮಾಂಸದ ಭಾಗಗಳವರೆಗೆ. ಅರ್ಥವಿವರಣೆ ಒಂದಕ್ಕೂ ಇಲ್ಲ. ನಮಗೆ ಗೊತ್ತಿಲ್ಲದ ಪದ ಎರಡು ಗೊತ್ತಿರುವ ಪದಗಳ ನಡುವೆ ಕುಳಿತಿದ್ದರೆ ಅದರ ಜಾತಿಯಾದರೂ ತಿಳಿಯುತ್ತದೆ.

ಅಕಾರಾದಿ ಇಲ್ಲದ ಭಾಷೆಯಲ್ಲಿ ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತಾರೆ?

ವಿದ್ವಾಂಸರು ತಮ್ಮಲ್ಲಿಯೇ ಒಪ್ಪಿಕೊಂಡ ಕ್ರಮದಲ್ಲಿ. ಎರಡು ಡಜನ್ ವ್ಯಂಜನಗಳು. ಗಂಟಲಿನ ತಡೆಧ್ವನಿಯಿಂದ ಆರಂಭ, ನಡುವೆ ಬ, ಪ, ಫ, ಮ, ನ, ರ, ಬಳಿಕ ನಾಲ್ಕು ಬಗೆಯ ಹಕಾರ, ಕೊನೆಗೆ ತ ಮತ್ತು ದ ಬಳಗ. ಪದವನ್ನು ಓದಲು ಬಂದರೆ ಮಾತ್ರ ಹುಡುಕಬಹುದು, ಓದಲು ಬಾರದ ಪದಕ್ಕೆ ನಿಘಂಟು ಮುಚ್ಚಿದ ಬಾಗಿಲು. ಹೊಸಬರು ಮೊದಲು ತಲೆ ಚಚ್ಚಿಕೊಳ್ಳುವುದು ಇಲ್ಲಿಯೇ. ಪರಿಹಾರಕ್ಕೆ ಗಾರ್ಡಿನರ್ ಅವರ ಚಿಹ್ನೆಪಟ್ಟಿಯಿದೆ. ಅವರು ಚಿಹ್ನೆಗಳನ್ನು ಮನುಷ್ಯ, ಪ್ರಾಣಿ, ಹಕ್ಕಿ, ಗಿಡ, ಕಟ್ಟಡ ಎಂದು ವಿಂಗಡಿಸಿ ಸಂಖ್ಯೆ ಕೊಟ್ಟಿದ್ದಾರೆ.

## ಬರ್ಲಿನ್ನಿನ ದೊಡ್ಡ ನಿಘಂಟು

ಎಲ್ಲಕ್ಕಿಂತ ದೊಡ್ಡ ನಿಘಂಟನ್ನು ಮಾಡಿದವರು ಯಾರು? ಎಷ್ಟು ವರ್ಷ ಹಿಡಿಯಿತು?

ಬರ್ಲಿನ್ನಿನ ಅಡಾಲ್ಫ್ ಎರ್ಮಾನ್ 1897ರಲ್ಲಿ ಆರಂಭಿಸಿದರು. ಬರ್ಲಿನ್, ಗಟಿಂಗೆನ್, ಲೈಪ್‌ಝಿಗ್, ಮ್ಯೂನಿಕ್ ಅಕಾಡೆಮಿಗಳು ಜೊತೆಗೂಡಿದವು, ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಹಣ ಕೊಟ್ಟರು. ಮೊದಲ ಸಂಪುಟ ಹೊರಬಂದದ್ದು 1926ರಲ್ಲಿ. ನಡುವೆ ಮಹಾಯುದ್ಧವೊಂದು ಮುಗಿದು, ಹಣ ಕೊಟ್ಟ ಚಕ್ರವರ್ತಿಯೇ ದೇಶ ಬಿಟ್ಟು ಹೋಗಿದ್ದರು. ಅಚ್ಚಿನ ಖರ್ಚಿಗೆ ಅಮೆರಿಕದ ಕಿರಿಯ ಜಾನ್ ರಾಕ್‌ಫೆಲ್ಲರ್ ನೆರವಾದರು. ಐದು ಮುಖ್ಯ ಸಂಪುಟಗಳು 1931ಕ್ಕೆ ಮುಗಿದವು. ಆಧಾರವಾಕ್ಯಗಳ ಸಂಪುಟಗಳು 1953ರವರೆಗೆ ಬರುತ್ತಲೇ ಇದ್ದವು. ಸುಮಾರು 16,000 ಪದಗಳಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ.

ಪುಸ್ತಕದ ಬೆನ್ನಿನ ಮೇಲೆ ಎರ್ಮಾನ್ ಮತ್ತು ಹೆರ್ಮನ್ ಗ್ರಾಪೋ ಎಂಬ ಎರಡು ಹೆಸರುಗಳು ಅಕ್ಕಪಕ್ಕ ಇವೆ. ಯಹೂದಿ ಮೂಲವಿದ್ದ ಕಾರಣಕ್ಕೆ ನಾತ್ಸಿ ಆಡಳಿತದಲ್ಲಿ ಎರ್ಮಾನ್ ಅವರನ್ನು ವಿಶ್ವವಿದ್ಯಾಲಯದಿಂದ ಹೊರಗಿಡಲಾಯಿತು. 1937ರಲ್ಲಿ ಅವರು ತೀರಿಕೊಂಡರು. ಗ್ರಾಪೋ ನಾತ್ಸಿ ಪಕ್ಷದ ಸದಸ್ಯರಾದರು. ನಿಘಂಟನ್ನು ಬಳಸುವವರಲ್ಲಿ ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಗಮನಿಸಬೇಕೆಂದು ನನ್ನ ಅಭಿಪ್ರಾಯ.

ಹದಿನೈದು ಲಕ್ಷ ಚೀಟಿ ಬರೆದರಂತೆ, ನಿಜವೇ? ಅಷ್ಟು ಯಾಕೆ?

ನಿಜ, ಆದರೆ ಒಂದೊಂದನ್ನೂ ಕೈಯಲ್ಲಿ ಬರೆಯಲಿಲ್ಲ. ಪಠ್ಯವನ್ನು ಸುಮಾರು ಮೂವತ್ತು ಪದಗಳ ತುಣುಕುಗಳಾಗಿ ಒಡೆದು, ಪ್ರತಿ ತುಣುಕನ್ನೂ ಒಂದು ಚೀಟಿಯಲ್ಲಿ ಬರೆದು, ಅದರ ಹತ್ತಾರು ಪ್ರತಿಗಳನ್ನು ತೆಗೆಯುತ್ತಿದ್ದರು. ಮೊದಲ ಪ್ರತಿಯಲ್ಲಿ ಮೊದಲ ಪದಕ್ಕೆ ಗುರುತು, ಎರಡನೆಯದರಲ್ಲಿ ಎರಡನೆಯ ಪದಕ್ಕೆ. ಹೀಗೆ ಗುರುತಿಸಿದ ಚೀಟಿ ಆ ಪದದ ಪೆಟ್ಟಿಗೆಗೆ ಹೋಗುತ್ತಿತ್ತು. ಒಂದು ಪೆಟ್ಟಿಗೆ ತೆರೆದರೆ ಒಂದು ಪದದ ಪ್ರಯೋಗಗಳು, ಪ್ರತಿಯೊಂದೂ ತನ್ನ ಸುತ್ತಲಿನ ವಾಕ್ಯದ ಸಮೇತ, ಕೈಗೆ ಸಿಗುತ್ತಿದ್ದವು. ಈ ವಿಧಾನದ ಹಿಂದಿನ ಮಾದರಿ 1894ರಲ್ಲಿ ಆರಂಭವಾಗಿದ್ದ ಲ್ಯಾಟಿನ್ ಮಹಾನಿಘಂಟು.

ಚೀಟಿಗೆ ಮೊದಲು ಮೂಲಪಾಠ ಸರಿಯಾಗಿರಬೇಕು. ಹಳೆಯ ಪ್ರಕಟಣೆಗಳಲ್ಲಿ ತಪ್ಪುಗಳು ತುಂಬಿದ್ದವು. ಅದಕ್ಕೆ ಜೇಮ್ಸ್ ಬ್ರೆಸ್ಟೆಡ್ ಯೂರೋಪಿನ ವಸ್ತುಸಂಗ್ರಹಾಲಯಗಳನ್ನು ಸುತ್ತಿ ಶಾಸನಗಳನ್ನು ಹೊಸದಾಗಿ ನಕಲು ಮಾಡಿದರು. ಆಸ್ವಾನ್ ಅಣೆಕಟ್ಟನ್ನು ಎತ್ತರಿಸಿದಾಗ ಫಿಲೇ ಇನ್ನಷ್ಟು ಮುಳುಗಲಿತ್ತು. 1908ರಿಂದ 1910ರ ನಡುವೆ ಬರ್ಲಿನ್ ಅಕಾಡೆಮಿಯವರು ಹೆರ್ಮನ್ ಯುಂಕರ್ ಮೊದಲಾದವರನ್ನು ಕಳಿಸಿ ಅಲ್ಲಿಯ ಗೋಡೆಗಳ ಛಾಯಾಚಿತ್ರ ತೆಗೆಸಿದರು. ನಿಘಂಟೆಂದರೆ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ ಎಂದುಕೊಂಡವರಿಗೆ ಈ ಸಂಗತಿ ಹೇಳುತ್ತಿರುತ್ತೇನೆ.

ಅಚ್ಚಾದ ನಿಘಂಟಿನ ಪುಟಗಳೆಲ್ಲ ಕೈಬರಹದಲ್ಲಿವೆಯಲ್ಲ, ಅದೇಕೆ?

ಚಿತ್ರಲಿಪಿಯ ಅಚ್ಚುಮೊಳೆಗಳು ದುಬಾರಿ, ಪದಗಳ ಕಾಗುಣಿತ ಸಾವಿರಾರು ಬಗೆ. ಅಚ್ಚುಮೊಳೆ ಜೋಡಿಸುವುದಕ್ಕಿಂತ ಒಬ್ಬ ನುರಿತ ಕೈಯಲ್ಲಿ ಬರೆಸಿ ಕಲ್ಲಚ್ಚು ತೆಗೆಯುವುದು ಅಗ್ಗ. ಆ ಕೈ ಡೆನ್ಮಾರ್ಕಿನ ವೋಲ್ಯಾ ಎರಿಕ್ಸನ್ ಅವರದು. 1962ರಲ್ಲಿ ಬಂದ ಫಾಕ್ನರ್ ಅವರ ಚಿಕ್ಕ ನಿಘಂಟೂ ಕೈಬರಹವೇ.

ಇದೆಲ್ಲ ಯೂರೋಪಿನವರ ಕೆಲಸವೇ? ಈಜಿಪ್ಟಿನ ವಿದ್ವಾಂಸರು ಏನು ಮಾಡುತ್ತಿದ್ದರು?

ಅಹ್ಮದ್ ಕಮಾಲ್ ಪಾಷಾ (1851–1923) ಎಂಬವರು ಒಬ್ಬರೇ 22 ಸಂಪುಟಗಳ ನಿಘಂಟು ಬರೆದಿಟ್ಟರು. ಪ್ರಾಚೀನ ಪದಕ್ಕೆ ಅರಬ್ಬಿ ಮತ್ತು ಫ್ರೆಂಚ್ ಅರ್ಥಗಳನ್ನು ಕೊಟ್ಟು, ಅರಬ್ಬಿಯ ಜೊತೆಗಿನ ನಂಟನ್ನು ಎತ್ತಿ ತೋರಿಸುವುದು ಅವರ ಗುರಿ. ಅವರ ಜೀವಿತಕಾಲದಲ್ಲಿ ಅದು ಅಚ್ಚಾಗಲಿಲ್ಲ. ಈ ಶತಮಾನದಲ್ಲಿ ಈಜಿಪ್ಟ್ ಸರ್ಕಾರದ ಪುರಾತತ್ವ ಮಂಡಳಿ ಹಸ್ತಪ್ರತಿಯನ್ನು ಪ್ರಕಟಿಸತೊಡಗಿತು. ಕಮಾಲ್ ಅವರ ಹಲವು ಹೋಲಿಕೆಗಳು ಅತಿಯಾದವು. ಆದರೆ ನೈಲ್ ದಡದ ರೈತ ಇಂದಿಗೂ ಬಳಸುವ ಮಾತನ್ನು ಬಲ್ಲ ಒಬ್ಬನ ಕೆಲಸ ಬರ್ಲಿನ್ನಿನ ಚೀಟಿಗಳ ಜೊತೆ ಸಕಾಲದಲ್ಲಿ ಸೇರಿದ್ದರೆ ಎರಡಕ್ಕೂ ಲಾಭವಿತ್ತು.

ಬಡ್ಜ್ ಅವರ ನಿಘಂಟು ಪುಕ್ಕಟೆ ಸಿಗುತ್ತದೆ. ಅದು ಸಾಲದೇ?

ಸಾಲದು. 1920ರ ಆ ಪುಸ್ತಕ ಹೊರಬಂದಾಗಲೇ ಅದರ ಓದುವ ಕ್ರಮ ಹಳತಾಗಿತ್ತು. ಹಕ್ಕುಸ್ವಾಮ್ಯ ಮುಗಿದದ್ದರಿಂದ ಎಲ್ಲೆಡೆ ಹರಡಿದೆ, ಹಚ್ಚೆ ಹಾಕಿಸಿಕೊಳ್ಳುವವರಿಗೆ ಅದೇ ಆಧಾರವಾಗಿದೆ. ಹಚ್ಚೆ ಅಳಿಸುವುದು ಕಷ್ಟ ಎಂಬುದನ್ನಷ್ಟೇ ನೆನಪಿಸುತ್ತೇನೆ.

## ಒಳಗಿನ ತೊಡಕುಗಳು

“ಒಂದು ಬಗೆಯ ಗಿಡ” ಎಂದು ಬರೆದು ಕೈತೊಳೆದುಕೊಂಡರೆ ಅದು ನಿಘಂಟೇ?

ಈ ಪ್ರಶ್ನೆಯನ್ನು ಸಿಟ್ಟಿನಿಂದಲೇ ಕೇಳುತ್ತಾರೆ. ಬರ್ಲಿನ್ ನಿಘಂಟಿನಲ್ಲಿ ‘ಒಂದು ಬಗೆಯ ಗಿಡ’, ‘ಒಂದು ಬಗೆಯ ಹಕ್ಕಿ’, ‘ಒಂದು ಪಾತ್ರೆ’ ಎಂಬ ವಿವರಣೆಗಳು ಬೇಕಾದಷ್ಟಿವೆ. ನನ್ನ ದೃಷ್ಟಿಯಲ್ಲಿ ಆ ಪುಸ್ತಕದ ಅತ್ಯಂತ ಪ್ರಾಮಾಣಿಕ ಸಾಲುಗಳು ಅವೇ. ನಿರ್ಣಾಯಕ ಚಿಹ್ನೆ ಗಿಡದ್ದು. ಪದ ಬರುವುದು ಔಷಧಿಯ ಪಟ್ಟಿಯಲ್ಲಿ. ‘ಅರೆದು, ಜೇನಿನಲ್ಲಿ ಕಲಸಿ’ ಎಂದಿದೆ. ಇಷ್ಟರಿಂದ ಗಿಡ ಎನ್ನಬಹುದು. ಯಾವ ಗಿಡ ಎನ್ನಲು ಸಾಕ್ಷಿಯಿಲ್ಲ. ಇಲ್ಲದ ಸಾಕ್ಷಿಯನ್ನು ಸೃಷ್ಟಿಸಿದರೆ ಮುಂದಿನ ನೂರು ವರ್ಷ ಎಲ್ಲರೂ ಆ ತಪ್ಪನ್ನೇ ಉದ್ಧರಿಸುತ್ತಾರೆ.

ಒಂದು ಉದಾಹರಣೆ ನೋಡಿ. ಕ್ರಿ.ಪೂ. ಹದಿನಾರನೆಯ ಶತಮಾನದ ಎಬರ್ಸ್ ಪಪೈರಸ್‌ನಲ್ಲಿ, ಇತರ ವೈದ್ಯಗ್ರಂಥಗಳಲ್ಲಿ ಕೂಡ, ‘ಅಅಅ’ ಎಂದು ಓದುವ ಒಂದು ಪದ ಮತ್ತೆ ಮತ್ತೆ ಬರುತ್ತದೆ. ಅದರ ನಿರ್ಣಾಯಕ ಚಿಹ್ನೆ ದ್ರವ ಸುರಿಸುವ ಪುರುಷಾಂಗ. ಇದು ಮೂತ್ರದಲ್ಲಿ ರಕ್ತ ಹೋಗುವ ರೋಗ, ಅಂದರೆ ಹುಳುವೊಂದರಿಂದ ಬರುವ, ನೈಲ್ ಕಣಿವೆಯ ಹಳೆಯ ಪಿಡುಗಾದ ಬಿಲ್‌ಹಾರ್ಜಿಯಾ ಎಂದು ಹಲವರು ಬರೆದರು. 1910ರಲ್ಲಿ ರಫರ್ ಎಂಬ ವೈದ್ಯವಿಜ್ಞಾನಿ ಎರಡು ಮಮ್ಮಿಗಳ ಮೂತ್ರಪಿಂಡದಲ್ಲಿ ಆ ಹುಳುವಿನ ಮೊಟ್ಟೆಗಳನ್ನು ಕಂಡರು. ಪ್ರಶ್ನೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು.

ಮುಗಿದಿರಲಿಲ್ಲ. ಪದದ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಅದು ಹೊಟ್ಟೆಯಲ್ಲಿರುತ್ತದೆ, ಹೃದಯದಲ್ಲಿರುತ್ತದೆ. ದೇವತೆಯೋ ಸತ್ತವರೋ ಅದನ್ನು ದೇಹದೊಳಕ್ಕೆ ಹೊಗಿಸುತ್ತಾರೆ. ರೋಗಿಯ ಮೂತ್ರದ ಮಾತೇ ಮುಖ್ಯವಾಗಿಲ್ಲ. ಆಗ ಇನ್ನೊಂದು ಪಕ್ಷ ಹುಟ್ಟಿತು: ಅದು ದುಷ್ಟಶಕ್ತಿ ಒಳಗೆ ಬಿಡುವ ವೀರ್ಯದಂಥ ವಿಷ, ಚಿಹ್ನೆ ಸೂಚಿಸುವುದು ರೋಗಿಯ ಅಂಗವನ್ನಲ್ಲ. ಮಮ್ಮಿಯಲ್ಲಿ ಸಿಕ್ಕ ಮೊಟ್ಟೆಗಳು ರೋಗವಿತ್ತೆಂದು ಸಾಬೀತು ಮಾಡುತ್ತವೆ. ಈ ಪದ ಆ ರೋಗದ ಹೆಸರೆಂದು ಸಾಬೀತು ಮಾಡುವುದಿಲ್ಲ. ಎರಡನೆಯ ಪಕ್ಷವೇ ನನಗೆ ಬಲವಾಗಿ ಕಾಣುತ್ತದೆ, ಅದರ ಆಧಾರ ಇಡೀ ಪಪೈರಸ್‌ಗಳ ವಾಕ್ಯಗಳು ಎಂಬ ಕಾರಣಕ್ಕೆ.

ನಿಘಂಟಿನಲ್ಲಿ ಕಾಣುವ ಒಂದು ಸಾಲಿನ ಅರ್ಥ ಇಂಥ ವಾದವೊಂದರ ತೀರ್ಪು. ಮೇಲ್ಮನವಿಗೆ ಯಾವಾಗಲೂ ಅವಕಾಶವಿರುತ್ತದೆ.

ಸ್ವರಗಳೇ ಬರೆಯದ ಭಾಷೆ ಎನ್ನುತ್ತೀರಿ. ಹಾಗಾದರೆ ನೆಫರ್ತಿತಿ ಎಂಬ ಹೆಸರನ್ನು ಹೇಗೆ ಓದಿದಿರಿ?

ನೆಫರ್ತಿತಿ ನಮ್ಮ ಅನುಕೂಲದ ಉಚ್ಚಾರ. ವ್ಯಂಜನಗಳ ನಡುವೆ ‘ಎ’ ತುಂಬಿ ಓದುವುದು ವಿದ್ವಾಂಸರ ಒಪ್ಪಂದ, ಆಕೆಯ ಗಂಡ ಹಾಗೆ ಕರೆದಿರಲಿಕ್ಕಿಲ್ಲ.

ನಿಜವಾದ ಸ್ವರಗಳಿಗೆ ಎರಡು ಕಿಂಡಿಗಳಿವೆ. ಗ್ರೀಕ್ ಅಕ್ಷರಗಳಲ್ಲಿ ಸ್ವರ ಸಹಿತ ಬರೆದ ಕಾಪ್ಟಿಕ್ ಒಂದು: ‘ಒಳ್ಳೆಯ’ ಎಂಬ ಪದವನ್ನು ನಾವು ನೆಫೆರ್ ಎಂದರೆ ಕಾಪ್ಟಿಕ್‌ನಲ್ಲಿ ಅದು ನೂಫೆ. ಇನ್ನೊಂದು ಕಿಂಡಿ ಅಮರ್ನಾ ಪತ್ರಗಳು. ಕ್ರಿ.ಪೂ. ಹದಿನಾಲ್ಕನೆಯ ಶತಮಾನದಲ್ಲಿ ಪಶ್ಚಿಮ ಏಷ್ಯಾದ ಅರಸರ ಜೊತೆ ಕ್ಯೂನಿಫಾರ್ಮ್ ಲಿಪಿಯಲ್ಲಿ ನಡೆದ ಈ ಪತ್ರವ್ಯವಹಾರ 1887ರಲ್ಲಿ ಸಿಕ್ಕಿತು. ನಾವು ನೆಬ್‌ಮಾತ್ರೆ ಎಂದು ಓದುವ ಅರಸನ ಹೆಸರನ್ನು ಅಲ್ಲಿ ನಿಮ್ಮುರೇಯ ಎಂದು ಬರೆದಿದ್ದಾರೆ. ನಿಘಂಟಿನ ಮುಖ್ಯಪದಗಳನ್ನು ವ್ಯಂಜನಗಳಲ್ಲಷ್ಟೇ ಕೊಡುವುದು ಈ ಕಾರಣಕ್ಕೆ: ಸ್ವರ ತುಂಬಿದರೆ ಹೆಚ್ಚಿನ ಪದಗಳಲ್ಲಿ ಊಹೆಯೇ ಆಗುತ್ತದೆ.

ಇಷ್ಟು ಸಾವಿರ ವರ್ಷ ಬಾಳಿದ ಭಾಷೆಗೆ ಒಂದೇ ನಿಘಂಟು ಸಾಕಾಗುತ್ತದೆಯೇ?

ಸಾಕಾಗಿಲ್ಲ. ಪಿರಮಿಡ್ ಕಾಲದ ಭಾಷೆಗೂ ರಾಮೆಸೀಸ್‌ಗಳ ಕಾಲದ ಪತ್ರಗಳ ಭಾಷೆಗೂ ವ್ಯಾಕರಣವೇ ಬೇರೆ. ಬರ್ಲಿನ್ ನಿಘಂಟು ಚಿತ್ರಲಿಪಿ ಮತ್ತು ಅದರ ಓಡುಬರಹವಾದ ಹೈರಾಟಿಕ್ ಪಠ್ಯಗಳಿಗೆ ಸೀಮಿತ. ಕಾಪ್ಟಿಕ್‌ಗೆ 1939ರಲ್ಲಿ ಪೂರ್ಣಗೊಂಡ ಕ್ರಮ್ ಅವರ ನಿಘಂಟು ಇಂದಿಗೂ ಆಧಾರ. ಹೈರಾಟಿಕ್‌ಗಿಂತ ಈಚಿನ ಓಡುಬರಹವಾದ ಡೆಮೋಟಿಕ್‌ಗೆ ಎರಿಕ್ಸನ್ 1954ರಲ್ಲಿ ಒಂದು ಪದಕೋಶ ಕೊಟ್ಟರು. ಶಿಕಾಗೋದ ದೊಡ್ಡ ಡೆಮೋಟಿಕ್ ನಿಘಂಟು 2012ರಲ್ಲಿ ಮುಗಿಯಿತು. ಶವಪೆಟ್ಟಿಗೆಗಳ ಮೇಲಿನ ಮಂತ್ರಪಾಠಗಳು ಪೂರ್ತಿಯಾಗಿ ಪ್ರಕಟವಾದದ್ದು 1961ಕ್ಕೆ, ಅಂದರೆ ಬರ್ಲಿನ್ ಸಂಪುಟಗಳು ಬಂದು ಮೂವತ್ತು ವರ್ಷದ ಬಳಿಕ. ಆ ಪದಗಳನ್ನು ಬರ್ಲಿನ್ನಿನಲ್ಲಿ ಹುಡುಕಿ ಸಿಗಲಿಲ್ಲವೆಂದು ದೂರುವುದು ನ್ಯಾಯವಲ್ಲ.

ನಿಘಂಟಿಗೆ ಸೇರಿದ ಪದವನ್ನು ಆಮೇಲೆ ತೆಗೆದುಹಾಕಿದ್ದು ಉಂಟೇ?

ಉಂಟು. ಹೈರಾಟಿಕ್ ಬರಹದಲ್ಲಿ ಎರಡು ಚಿಹ್ನೆಗಳು ಒಂದರಂತೆ ಕಾಣುತ್ತವೆ; ಕಲ್ಲು ಸವೆದಿರುತ್ತದೆ; ಪ್ರಾಚೀನ ಲಿಪಿಕಾರನೇ ತಪ್ಪು ನಕಲು ಮಾಡಿರುತ್ತಾನೆ. ಇವುಗಳಿಂದ ಎಂದೂ ಇರದಿದ್ದ ಪದಗಳು ಹುಟ್ಟುತ್ತವೆ. ಅದೇ ಪಠ್ಯದ ಇನ್ನೊಂದು ಪ್ರತಿ ಸಿಕ್ಕಿದ ದಿನ ಅವು ಮಾಯವಾಗುತ್ತವೆ. ಒಂದೇ ಕಡೆ ಬರುವ ಪದವನ್ನು ಕಂಡರೆ ಅನುಭವಿಗಳು ಅದರ ಅರ್ಥಕ್ಕಿಂತ ಮೊದಲು ಅದರ ಅಸ್ತಿತ್ವವನ್ನೇ ಶಂಕಿಸುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ಈ ಚೀಟಿಗಳ ಕೆಲಸ ಮುಗಿಯಿತಲ್ಲ?

ಚೀಟಿಗಳೇ ಕಂಪ್ಯೂಟರಿಗೆ ಬಂದವು. ಬರ್ಲಿನ್ನಿನ ಚೀಟಿಗಳ ಚಿತ್ರಗಳು 1999ರಿಂದ ಅಂತರ್ಜಾಲದಲ್ಲಿವೆ. 2004ರಿಂದ ಅದರ ಜೊತೆಗೆ ಪಠ್ಯಕೋಶವೂ ಇದೆ. ಬರ್ಲಿನ್ ಮತ್ತು ಲೈಪ್‌ಝಿಗ್ ಅಕಾಡೆಮಿಗಳು ಅದನ್ನು ಬೆಳೆಸುತ್ತಿವೆ. ಅಚ್ಚಾದ ನಿಘಂಟಿನಲ್ಲಿ ಅರ್ಥ ಒಂದು ಸಂಪುಟದಲ್ಲಿ, ಅದರ ಆಧಾರ ಇನ್ನೊಂದರಲ್ಲಿ; ಎರಡೂ ಕೈಯಲ್ಲಿ ಪುಟ ತಿರುವಬೇಕು. ಈಗ ಪದದ ಮೇಲೆ ಒತ್ತಿದರೆ ವಾಕ್ಯಗಳು ಸಾಲಾಗಿ ನಿಲ್ಲುತ್ತವೆ. ಯೂನಿಕೋಡ್‌ನಲ್ಲಿ 2009ರಲ್ಲಿ 1,071 ಚಿತ್ರಲಿಪಿ ಚಿಹ್ನೆಗಳು ಸೇರಿದವು, 2024ರಲ್ಲಿ ಇನ್ನೂ 3,995.

ಮುರಿದ ಸಾಲಿನಲ್ಲಿ ಏನಿದ್ದಿರಬಹುದು, ‘ಮ್‌ರ್’ ಇಲ್ಲಿ ಕಾಯಿಲೆಯೋ ಕಾಲುವೆಯೋ ಎಂದು ನಿರ್ಧರಿಸುವ ಕೆಲಸ ಮಾತ್ರ ಮನುಷ್ಯರ ಮೇಜಿನ ಮೇಲೆಯೇ ಇದೆ.

## ನಮ್ಮ ಕಡೆಯಿಂದ

ಈಜಿಪ್ಟಿನ ಪಪೈರಸ್‌ನಲ್ಲಿ ಕನ್ನಡ ಪದಗಳಿವೆಯಂತೆ. ಅವು ಈ ನಿಘಂಟಿನಲ್ಲಿ ಸಿಗುತ್ತವೆಯೇ?

ಸಿಗುವುದಿಲ್ಲ, ಏಕೆಂದರೆ ಆ ಪಪೈರಸ್ ಇರುವುದು ಗ್ರೀಕ್ ಭಾಷೆಯಲ್ಲಿ. ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಒಂದು ಪ್ರಹಸನವದು. ಹಿಂದೂ ಮಹಾಸಾಗರದ ಕರಾವಳಿಯಲ್ಲಿ ಸೆರೆಯಾದ ಖಾರಿಟಿಯೋನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸುವ ಕಥೆ. ಅಲ್ಲಿಯ ಅರಸ ಮತ್ತು ಪರಿವಾರದವರು ಅರ್ಥವಾಗದ ಭಾಷೆಯಲ್ಲಿ ಮಾತನಾಡುತ್ತಾರೆ. ಅದು ಕನ್ನಡ ಎಂದು ಹುಲ್ಟ್ಸ್ 1904ರಲ್ಲಿ ಸೂಚಿಸಿದರು, ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಮೇಲೆ ಶ್ರಮಪಟ್ಟರು, ಬಾರ್ನೆಟ್ ಒಪ್ಪಲಿಲ್ಲ. ಪ್ರೇಕ್ಷಕರನ್ನು ನಗಿಸಲು ಕಟ್ಟಿದ ಅರ್ಥವಿಲ್ಲದ ಸದ್ದೂ ಆಗಿರಬಹುದು. ಹೆಮ್ಮೆಪಡುವ ಮೊದಲು ‘ಅಅಅ’ ರೋಗದ ಕಥೆಯನ್ನು ಇನ್ನೊಮ್ಮೆ ಓದಿಕೊಳ್ಳಿ.

ಈಜಿಪ್ಟ್ ಭಾಷೆಗೆ ಕನ್ನಡದಲ್ಲಿ ಅರ್ಥ ಕೊಡುವ ನಿಘಂಟು ಮಾಡಲು ಸಾಧ್ಯವೇ?

ಸಾಧ್ಯ, ಲಿಪ್ಯಂತರವನ್ನು ಕನ್ನಡದಲ್ಲಿ ಮಾಡುವ ಹಟ ಬಿಟ್ಟರೆ. ನಮ್ಮ ‘ನ’ ಬರೆದ ಕೂಡಲೇ ಅದರಲ್ಲಿ ಅಕಾರ ಸೇರಿಬಿಡುತ್ತದೆ. ಅದನ್ನು ತಪ್ಪಿಸಲು ಪ್ರತಿ ಅಕ್ಷರಕ್ಕೂ ಅರ್ಧಾಕ್ಷರದ ಗುರುತು ಬೇಕು. ನಾಲ್ಕು ಹಕಾರಗಳಿಗೆ ನಮ್ಮಲ್ಲಿರುವುದು ಒಂದೇ ಹಕಾರ. ಮುಖ್ಯಪದಕ್ಕೆ ಚಿತ್ರಲಿಪಿ ಮತ್ತು ರೋಮನ್ ಲಿಪ್ಯಂತರವನ್ನೇ ಉಳಿಸಿಕೊಳ್ಳುವುದು ಜಾಣತನ.

ಅರ್ಥ ಬರೆಯುವಾಗ ಕನ್ನಡಕ್ಕೆ ಒಂದು ಅನುಕೂಲವಿದೆ. ಸಮಾಧಿಗಳ ಗೋಡೆಯ ಮೇಲಿನ ಬೇಸಾಯ ನಮ್ಮ ಅಜ್ಜಂದಿರ ಕಾಲದ ಬೇಸಾಯ. ಕಣದಲ್ಲಿ ಪ್ರಾಣಿಗಳನ್ನು ಸುತ್ತಿಸಿ ಕಾಳು ಬಿಡಿಸುವುದಕ್ಕೆ ಜರ್ಮನ್ನರು ಒಂದು ವಾಕ್ಯವನ್ನೇ ಬರೆಯಬೇಕು. ನಮಗೆ ಹಂತಿ ಕಟ್ಟುವುದು ಎಂದರೆ ಸಾಕು. ತೂರುವುದು, ರಾಶಿ, ಏತ ಎಲ್ಲವೂ ಇವೆ. ಆದರೆ ಜರ್ಮನ್ ಅಥವಾ ಇಂಗ್ಲಿಷ್ ಅರ್ಥವನ್ನು ಕನ್ನಡಿಸಿದರೆ ಈ ಅನುಕೂಲ ದಕ್ಕುವುದಿಲ್ಲ, ಮೂಲ ವಾಕ್ಯಗಳಿಂದಲೇ ಹೊರಡಬೇಕು. ಇಡೀ ಭಾಷೆಗೆ ಕೈಹಾಕದೆ, ತಿ ಸಮಾಧಿಯ ಕೊಯ್ಲಿನ ದೃಶ್ಯಗಳ ಮೇಲಿನ ಬರಹಗಳಿಗಷ್ಟೇ ಒಂದು ಪದಕೋಶ ಮಾಡಲು ಹೊರಡುವವರಿದ್ದರೆ, ಬಯಲುಸೀಮೆಯಲ್ಲಿ ಒಕ್ಕಲುತನ ಮಾಡಿದ ಹಿರಿಯರೊಬ್ಬರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಿ.